ಇಮ್ಮಡಿ ಸಂಬಳ ಮತ್ತು ತಾಸಿನ ಲೆಕ್ಕ

ಕಂಪ್ಲಿಯಲ್ಲಿ ಲೆಕ್ಕಿಗನಾಗಿರುವ ನನ್ನ ತಂಗಿಯ ಮಗನಿಗೆ ಇತ್ತೀಚೆಗೆ ಸಂಡೂರಿನ ಗಣಿ ಗುತ್ತಿಗೆದಾರರೊಬ್ಬರಿಂದ ಕೆಲಸದ ಕರೆ ಬಂದಿತು. ಈಗಿನ ಸಂಬಳ 30 ಸಾವಿರ ರೂಪಾಯಿ. ಅಲ್ಲಿ 60 ಸಾವಿರ. ‘ಮಾವ, ನೀವು ಅರ್ಥಶಾಸ್ತ್ರ ಓದಿದವರು. ಹೋಗಲೋ ಬೇಡವೋ ಹೇಳಿರಿ’ ಎಂದ.

ಇಬ್ಬರೂ ಕುಳಿತು ಲೆಕ್ಕ ಹಾಕಿದೆವು. ಈಗ ಅವನು ಮನೆ ಬಿಟ್ಟು ಮರಳಲು ದಿನಕ್ಕೆ 9 ತಾಸು ಸಾಕು. ಹೊಸಪೇಟೆಯ ಮೇಲೆ ಸಂಡೂರಿಗೆ ಹೋಗಿಬರುವುದೂ ಸೇರಿದರೆ 15 ತಾಸು. ತಿಂಗಳಿಗೆ 25 ದಿನವೆಂದು ಹಿಡಿದರೆ ತಾಸೊಂದಕ್ಕೆ ಈಗ ದೊರೆಯುವುದು 133 ರೂಪಾಯಿ, ಅಲ್ಲಿ 160. ಇಮ್ಮಡಿ ಎನಿಸಿದ್ದು ತಾಸಿನ ಲೆಕ್ಕದಲ್ಲಿ ಶೇ 20ರ ಹೆಚ್ಚಳ ಮಾತ್ರ. ಪ್ರಯಾಣ ಹಾಗೂ ಹೊರಗಿನ ಊಟದ ಖರ್ಚು ಕಳೆದರೆ ಅದೂ ಕರಗುತ್ತದೆ.

ಆಡಂ ಸ್ಮಿತ್ 1776ರಲ್ಲಿಯೇ ‘ವೆಲ್ತ್ ಆಫ್ ನೇಷನ್ಸ್’ ಗ್ರಂಥದಲ್ಲಿ ಕೂಲಿಯ ಏರುಪೇರನ್ನು ಚರ್ಚಿಸಿದ್ದಾನೆ. ಅವನು ಕೊಡುವ ಕಾರಣಗಳಲ್ಲಿ ಕೆಲಸದ ಕಷ್ಟಸುಖವೂ ಒಂದು, ಅದರ ಸ್ಥಿರತೆಯೂ ಒಂದು. ಅಂದರೆ ಹೆಚ್ಚಿನ ಸಂಬಳ ಎಷ್ಟೋ ವೇಳೆ ನಾವು ಬಿಟ್ಟುಕೊಟ್ಟ ನೆಮ್ಮದಿಗೋ ಭದ್ರತೆಗೋ ಸಲ್ಲುವ ಪರಿಹಾರ.

ಸ್ಥಿರತೆಯ ಪಾಠವನ್ನು ಈ ಸೀಮೆ ದುಬಾರಿ ಬೆಲೆ ತೆತ್ತು ಕಲಿತಿದೆ. ಚೀನಾದ ಬೇಡಿಕೆಯಿಂದ ಅದಿರಿನ ಬೆಲೆ ಏರಿದ ವರ್ಷಗಳಲ್ಲಿ ಇದ್ದ ಕೆಲಸ ಬಿಟ್ಟು ಗಣಿಯತ್ತ ನಡೆದವರು, ಸಾಲ ಮಾಡಿ ಲಾರಿ ಕೊಂಡವರು ಅನೇಕರು. 2010ರ ಜುಲೈನಲ್ಲಿ ರಾಜ್ಯ ಸರ್ಕಾರ ಅದಿರು ರಫ್ತಿಗೆ ತಡೆಯೊಡ್ಡಿತು. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ಲಾರಿಗಳು ನಿಂತವು, ಸಾಲದ ಕಂತು ನಿಲ್ಲಲಿಲ್ಲ. ಷರತ್ತುಗಳೊಡನೆ ಗಣಿಗಳು ಮತ್ತೆ ತೆರೆದವಾದರೂ ಆ ಅಬ್ಬರದ ದಿನಗಳು ಮರಳಲಿಲ್ಲ.

ಹಾಗೆಂದು ಊರಿನಲ್ಲಿ ಉಳಿದವರೆಲ್ಲ ಸುರಕ್ಷಿತರೆಂದೂ ಅಲ್ಲ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದ 19ನೇ ಗೇಟು ಕೊಚ್ಚಿಹೋದಾಗ ಕಂಪ್ಲಿಯ ಭತ್ತದ ರೈತರೂ ನಿದ್ದೆಗೆಟ್ಟಿದ್ದರು. ಸಾಲದಲ್ಲಿ ಮುಳುಗಿದವನಿಗೆ, ಮನೆಯಲ್ಲಿ ರೋಗಿಯಿರುವವನಿಗೆ ಬಿಡುವಿನ ಮಹತ್ವವನ್ನು ಬೋಧಿಸುವುದು ಹೊಟ್ಟೆ ತುಂಬಿದವರ ಮಾತಾದೀತು. ಅಂಥವರು ಹೋಗಲೇಬೇಕು, ಆದರೆ ಎಷ್ಟು ವರ್ಷಕ್ಕೆಂದು ಮೊದಲೇ ಗೊತ್ತುಮಾಡಿಕೊಂಡು ಹೋಗುವುದು ಒಳಿತು.

ನನ್ನದೇ ಅನುಭವವನ್ನೂ ಅವನಿಗೆ ಹೇಳಿದೆ. ಸೇವೆಯಲ್ಲಿದ್ದಾಗ ಹೆಚ್ಚಿನ ಭತ್ಯೆಯ ಆಸೆಯಿಂದ ದೂರದ ಹುದ್ದೆಯೊಂದನ್ನು ಒಪ್ಪಿ ಮೂರು ವರ್ಷ ಒಬ್ಬನೇ ಇದ್ದೆ. ಆ ಹಣ ಯಾವುದಕ್ಕೆ ವೆಚ್ಚವಾಯಿತೆಂಬುದು ಇಂದು ನೆನಪಿಲ್ಲ. ಮಗಳು ಎಸ್ಸೆಸ್ಸೆಲ್ಸಿ ಬರೆದ ವರ್ಷ ನಾನು ಮನೆಯಲ್ಲಿರಲಿಲ್ಲವೆಂಬುದನ್ನು ಅವಳೂ ಮರೆತಿಲ್ಲ, ನಾನೂ ಮರೆತಿಲ್ಲ.

ಅವನಿಗೆ ಸಾಲವಿಲ್ಲ. ಹುಣ್ಣಿಮೆಗೊಮ್ಮೆ ತಾಯಿಯನ್ನು ಹಂಪಿಯ ವಿರೂಪಾಕ್ಷನ ದರ್ಶನಕ್ಕೆ ಕರೆದೊಯ್ಯುತ್ತಾನೆ. ಸಂಜೆ ಮಕ್ಕಳ ಪಾಠ ನೋಡುತ್ತಾನೆ. ಇವು ಸಂಬಳದ ಚೀಟಿಯಲ್ಲಿ ಕಾಣುವ ಬಾಬ್ತುಗಳಲ್ಲ. ತೀರ್ಮಾನವನ್ನು ಅವನಿಗೇ ಬಿಟ್ಟಿದ್ದೇನೆ. ಆದರೆ ಇವನ್ನೂ ಜಮೆಗೆ ಹಿಡಿದ ಬಳಿಕವೇ ಉತ್ತರ ಬರೆಯಬೇಕೆಂದು ಹೇಳಿ ಕಳಿಸಿದೆ.