ಕುಸಿಯುವ ಬಂಡೆಯ ಮೇಲೊಂದು ಊರು: ಚಿವಿತಾ ಉಳಿದರೂ ಉಳಿಯುವವರಾರು?

ಇಟಲಿಯ ರಾಜಧಾನಿ ರೋಮ್‌ನಿಂದ ಉತ್ತರಕ್ಕೆ ಸುಮಾರು 120 ಕಿ.ಮೀ. ದೂರದಲ್ಲಿ, ಲಾಜಿಯೊ ಪ್ರಾಂತ್ಯದ ವಿತೆರ್ಬೊ ಜಿಲ್ಲೆಯಲ್ಲಿ ಒಂದು ಒಂಟಿ ಬಂಡೆಗುಡ್ಡವಿದೆ. ಸುತ್ತಲೂ ಆಳವಾದ ಕಣಿವೆ. ನೆತ್ತಿಯ ಮೇಲೆ ಹಳೆಯ ಕಲ್ಲುಮನೆಗಳ ಗುಂಪು, ನಡುವೆ ಚರ್ಚಿನ ಗೋಪುರ. ಇದೇ ಚಿವಿತಾ ದಿ ಬಾನ್ಯೊರೆಜೊ. ಈ ಊರಿಗೆ ಮೋಟಾರು ರಸ್ತೆ ಇಲ್ಲ. ಸಂದರ್ಶಕರು ಕಾಲುಸೇತುವೆಯೊಂದನ್ನು ನಡೆದೇ ಏರಬೇಕು. ವರ್ಷಕ್ಕೆ ಲಕ್ಷಗಟ್ಟಲೆ ಪ್ರವಾಸಿಗರು ಬಂದುಹೋಗುವ ಇಲ್ಲಿ ವರ್ಷವಿಡೀ ನೆಲೆಸಿರುವವರ ಸಂಖ್ಯೆ ಮಾತ್ರ ಹತ್ತು-ಹದಿನೈದರ ಆಸುಪಾಸಿನಲ್ಲಿದೆ.

ಬಾನ್ಯೊರೆಜೊದಲ್ಲಿ ಹುಟ್ಟಿದ ಲೇಖಕ ಬೊನವೆಂತೂರಾ ತೆಕ್ಕಿ (1896-1968) ಚಿವಿತಾವನ್ನು 'ಸಾಯುತ್ತಿರುವ ಊರು' ಎಂದು ಕರೆದರು. ಆ ವಿಶೇಷಣ ಇಂದಿಗೂ ಅದಕ್ಕೆ ಅಂಟಿಕೊಂಡಿದೆ. ವಿಪರ್ಯಾಸವೆಂದರೆ, ಆ ಹೆಸರೇ ಇಂದು ಊರಿನ ಬಹುದೊಡ್ಡ ಆಕರ್ಷಣೆಯಾಗಿದೆ.

ಮೇಲೆ ಕಲ್ಲು, ಕೆಳಗೆ ಜೇಡಿಮಣ್ಣು

ಚಿವಿತಾದ ಸಂಕಟದ ಮೂಲವಿರುವುದು ಅದರ ತಳದಲ್ಲಿ. ಈ ಗುಡ್ಡದ ಮೇಲ್ಪದರ ಟಫ್ ಎಂಬ ಶಿಲೆಯದು. ಪುರಾತನ ಜ್ವಾಲಾಮುಖಿಗಳು ಉಗುಳಿದ ಬೂದಿ ಗಟ್ಟಿಗೊಂಡು ಈ ಶಿಲೆ ರೂಪುಗೊಂಡಿದೆ. ಅದರ ಕೆಳಗಿರುವುದು ಜೇಡಿಮಣ್ಣು. ಬಹು ಹಿಂದೆ ಈ ಪ್ರದೇಶ ಸಮುದ್ರದಡಿಯಲ್ಲಿದ್ದಾಗ ಶೇಖರವಾದದ್ದು. ಮಳೆನೀರು ಮತ್ತು ಕಣಿವೆಯ ತೊರೆಗಳು ಜೇಡಿಮಣ್ಣನ್ನು ಸದಾ ಕೊರೆಯುತ್ತಿರುತ್ತವೆ. ಆಧಾರ ಕಳೆದುಕೊಂಡ ಮೇಲಿನ ಶಿಲೆ ಬಿರುಕುಬಿಟ್ಟು, ದೊಡ್ಡ ದೊಡ್ಡ ಚೂರುಗಳಾಗಿ ಕಣಿವೆಗೆ ಉರುಳುತ್ತದೆ. ಸುತ್ತಲಿನ ಕಣಿವೆಯಲ್ಲಿ ಕಾಣುವ ಚೂಪಾದ ಬೋಳು ಮಣ್ಣಿನ ಏಣುಗಳೂ ಇದೇ ಸವಕಳಿಯ ಫಲ. ಸ್ಥಳೀಯರು ಅವುಗಳನ್ನು 'ಕಲಾಂಕಿ' ಎನ್ನುತ್ತಾರೆ.

ಇಷ್ಟು ಅಪಾಯದ ಜಾಗದಲ್ಲಿ ಜನ ಏಕೆ ನೆಲೆಸಿದರು? ಸುಮಾರು 2500 ವರ್ಷಗಳ ಹಿಂದೆ ಇಲ್ಲಿ ಊರು ಕಟ್ಟಿದವರು ಎಟ್ರುಸ್ಕನ್ನರು. ರೋಮನ್ನರು ಪ್ರಬಲರಾಗುವ ಮುನ್ನ ಮಧ್ಯ ಇಟಲಿಯ ಬಹುಭಾಗ ಇವರ ಹಿಡಿತದಲ್ಲಿತ್ತು. ಶತ್ರುಗಳು ಸುಲಭವಾಗಿ ಹತ್ತಲಾಗದ ಎತ್ತರವೇ ಆ ಕಾಲದಲ್ಲಿ ಊರಿನ ಕೋಟೆ. ಮೃದುವಾದ ಟಫ್ ಶಿಲೆಯನ್ನು ಕೊರೆದು ನೆಲಮಾಳಿಗೆ, ನೀರಿನ ತೊಟ್ಟಿ, ಗವಿಗಳನ್ನು ಮಾಡಿಕೊಳ್ಳುವುದೂ ಸುಲಭವಾಗಿತ್ತು. ಇಂದಿಗೂ ಹಲವು ಮನೆಗಳ ಕೆಳಗೆ ಇಂಥ ಗವಿಗಳಿವೆ. ದ್ರಾಕ್ಷಾರಸ ಮತ್ತು ಧಾನ್ಯ ಸಂಗ್ರಹಿಸಲು, ಆಲಿವ್ ಎಣ್ಣೆಯ ಗಾಣ ನಡೆಸಲು ತಲೆತಲಾಂತರದಿಂದ ಅವು ಬಳಕೆಯಾಗಿವೆ. ಊರಿಗೆ ರಕ್ಷಣೆ ನೀಡಿದ ಬಂಡೆಯೇ ಈಗ ಊರಿಗೆ ಕಂಟಕವಾಗಿದೆ.

ಭೂಕಂಪ ತಂದ ಸ್ಥಾನಪಲ್ಲಟ

ಮಧ್ಯಯುಗದಲ್ಲಿ ಚಿವಿತಾ ಈಗಿನಂತೆ ಮೂಲೆಯ ಹಳ್ಳಿಯಾಗಿರಲಿಲ್ಲ. ಬಿಷಪ್ಪರ ಪೀಠ, ಆಡಳಿತ ಕಚೇರಿ ಎಲ್ಲವೂ ಇಲ್ಲೇ ಇದ್ದವು. ಈಗಿನ ಬಾನ್ಯೊರೆಜೊ ಪಟ್ಟಣ ಆಗ ಇದರ ಹೊರವಲಯವಷ್ಟೇ. ಫ್ರಾನ್ಸಿಸ್ಕನ್ ಸಂನ್ಯಾಸಿ ಪಂಥದ ಮುಖ್ಯಸ್ಥರಾಗಿ, ಸಂತ ಫ್ರಾನ್ಸಿಸ್‌ರ ಜೀವನಚರಿತ್ರೆ ಬರೆದ ಸಂತ ಬೊನವೆಂತೂರಾ 13ನೇ ಶತಮಾನದಲ್ಲಿ ಜನಿಸಿದ್ದು ಇಲ್ಲಿಯೇ. ಅವರ ಮನೆಯಿದ್ದ ಜಾಗ ಎಂದೋ ಕಣಿವೆಯ ಪಾಲಾಗಿದೆ.

1695ರಲ್ಲಿ ಸಂಭವಿಸಿದ ಭೂಕಂಪ ಊರಿನ ಹಣೆಬರಹವನ್ನೇ ಬದಲಿಸಿತು. ಮನೆಗಳು ಉರುಳಿದವು, ದಾರಿ ಹಾಳಾಯಿತು. ಬಿಷಪ್ಪರೂ ಆಡಳಿತವೂ ಬಾನ್ಯೊರೆಜೊಗೆ ಸ್ಥಳಾಂತರಗೊಂಡರು. ಜನರು ಅವರ ಹಿಂದೆ ನಡೆದರು. ಎರಡೂ ಊರುಗಳನ್ನು ಬೆಸೆದಿದ್ದ ನೆಲದ ಏಣು ಸವೆಯುತ್ತ ಹೋಗಿ ಚಿವಿತಾ ದ್ವೀಪದಂತಾಯಿತು. ಕೊನೆಗೆ 1965ರಲ್ಲಿ ಕಟ್ಟಿದ ಕಾಂಕ್ರೀಟ್ ಕಾಲುಸೇತುವೆಯೇ ಇಂದಿನ ಏಕೈಕ ಪ್ರಮುಖ ದಾರಿ. ಸುಮಾರು 300 ಮೀಟರ್ ಉದ್ದದ ಈ ಸೇತುವೆ ತುದಿಗೆ ಹೋದಂತೆ ಕಡಿದಾಗುತ್ತದೆ. ಹಿಂದೆ ಸಾಮಾನು ಸಾಗಿಸಲು ಕತ್ತೆಗಳೇ ಆಧಾರವಾಗಿದ್ದವು. ಈಗ ಸಣ್ಣ ಮೋಟಾರು ಗಾಡಿಗಳು ಆ ಕೆಲಸ ಮಾಡುತ್ತವೆ.

ಎರಡನೇ ಮಹಾಯುದ್ಧದ ನಂತರ ಇಟಲಿಯ ಬಹುತೇಕ ಗುಡ್ಡದೂರುಗಳಲ್ಲಿ ನಡೆದದ್ದೇ ಇಲ್ಲಿಯೂ ನಡೆಯಿತು. ಕಾರ್ಖಾನೆ ಮತ್ತು ಕಚೇರಿಯ ಉದ್ಯೋಗ ಅರಸಿ ಯುವಜನ ನಗರಗಳಿಗೆ ತೆರಳಿದರು. ಕಡಿದಾದ ನೆಲದ ಬೇಸಾಯ ಸಂಸಾರ ಸಾಕಲು ಸಾಲದಾಯಿತು. ಬಾಗಿಲು ಮುಚ್ಚಿದ ಮನೆಗಳು ಒಂದೊಂದಾಗಿ ಪಾಳುಬಿದ್ದವು.

ಹೊರಗಿನವರ ಕಣ್ಣಿಗೆ ಬಿದ್ದಾಗ

ಊರು ಸಂಪೂರ್ಣವಾಗಿ ನಿರ್ನಾಮವಾಗದಿರಲು ಕಾರಣರಾದವರಲ್ಲಿ ವಾಸ್ತುಶಿಲ್ಪಿ ಆಸ್ತ್ರಾ ಜರಿನಾ (1929-2008) ಪ್ರಮುಖರು. ಲಾಟ್ವಿಯಾ ಮೂಲದ ಈ ಅಮೆರಿಕನ್ ಮಹಿಳೆ ಇಲ್ಲಿನ ಹಳೆಯ ಮನೆಗಳನ್ನು ದುರಸ್ತಿ ಮಾಡಿಸಿದರಲ್ಲದೆ, ವಾಷಿಂಗ್ಟನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳನ್ನು ಅಧ್ಯಯನಕ್ಕಾಗಿ ಇಲ್ಲಿಗೆ ಕರೆತಂದರು. ಕ್ರಮೇಣ ರೋಮ್ ಮತ್ತಿತರ ನಗರಗಳ ಸ್ಥಿತಿವಂತರು ರಜೆ ಕಳೆಯಲೆಂದು ಇಲ್ಲಿ ಮನೆ ಕೊಂಡರು. 2006ರಲ್ಲಿ ವಿಶ್ವ ಸ್ಮಾರಕ ನಿಧಿಯು ಅಪಾಯದಲ್ಲಿರುವ ನೂರು ತಾಣಗಳ ಪಟ್ಟಿಗೆ ಚಿವಿತಾವನ್ನು ಸೇರಿಸಿತು.

2013ರಲ್ಲಿ ಸ್ಥಳೀಯ ಪುರಸಭೆ ಅಪರೂಪದ ಕ್ರಮವೊಂದಕ್ಕೆ ಮುಂದಾಯಿತು: ಊರು ಪ್ರವೇಶಿಸಲು ಒಂದೂವರೆ ಯೂರೊ ಶುಲ್ಕ ನಿಗದಿಪಡಿಸಿತು. ವೆನಿಸ್ ನಗರ ಇಂಥದೇ ಶುಲ್ಕ ಜಾರಿಗೆ ತಂದದ್ದು 2024ರಲ್ಲಿ ಎಂಬುದು ಇಲ್ಲಿ ಗಮನಾರ್ಹ. ಟಿಕೆಟ್ ಇಟ್ಟರೆ ಜನ ಬರುವುದು ಕಡಿಮೆಯಾದೀತೆಂಬ ಅಳುಕಿತ್ತು; ಆದದ್ದು ತದ್ವಿರುದ್ಧ. ಹಣ ಕೊಟ್ಟು ನೋಡುವಂಥ ಊರು ಎಂಬ ಸುದ್ದಿಯೇ ಪ್ರಚಾರವಾಯಿತು. ವರ್ಷಕ್ಕೆ ಕೆಲವು ಹತ್ತು ಸಾವಿರವಿದ್ದ ಸಂದರ್ಶಕರ ಸಂಖ್ಯೆ ಕೆಲವೇ ವರ್ಷಗಳಲ್ಲಿ ಹಲವು ಲಕ್ಷಕ್ಕೇರಿತು. ಶುಲ್ಕವೂ ಮುಂದೆ 5 ಯೂರೊಗೆ ಏರಿತು. ಅದರಿಂದ ಬಂದ ಹಣ ಪುರಸಭೆಯ ಬೊಕ್ಕಸಕ್ಕೆ ಬಲ ನೀಡಿತು. ಬಾನ್ಯೊರೆಜೊ ಪಟ್ಟಣದಲ್ಲಿ ಹೋಟೆಲು, ಅಂಗಡಿ, ವಾಹನ ನಿಲುಗಡೆಯಿಂದ ಹೊಸ ಉದ್ಯೋಗಗಳು ಹುಟ್ಟಿದವು.

ಬಂಡೆಯ ಪಹರೆಯೂ ನಿರಂತರವಾಗಿ ನಡೆದಿದೆ. ಕುಸಿಯುವ ಅಂಚುಗಳಿಗೆ ಉಕ್ಕಿನ ಸರಳುಗಳನ್ನು ಹೂಡಿ ಬಿಗಿಯಲಾಗಿದೆ. ಭೂಕುಸಿತದ ಕುರಿತೇ ಊರಿನಲ್ಲಿ ಒಂದು ವಸ್ತುಸಂಗ್ರಹಾಲಯವಿದೆ. ಆದರೆ ಈ ಉಪಾಯಗಳು ಸವಕಳಿಯನ್ನು ನಿಧಾನಗೊಳಿಸಬಲ್ಲವೇ ಹೊರತು ತಡೆಯಲಾರವು.

ನಿಲ್ಲದ ಪ್ರಶ್ನೆ

ಕಲ್ಲಿಗೆ ಆಸರೆ ಕೊಟ್ಟ ಪ್ರವಾಸೋದ್ಯಮ ಬದುಕಿಗೂ ಆಸರೆಯಾಯಿತೇ ಎಂಬುದೇ ಈಗಿನ ಪ್ರಶ್ನೆ. ಮನೆಗಳು ಬಾಡಿಗೆ ಕೋಣೆಗಳಾಗಿವೆ, ಗಾಣದ ಗವಿಗಳು ತಿಂಡಿಯಂಗಡಿಗಳಾಗಿವೆ. ಮಕ್ಕಳ ಓದು, ವೈದ್ಯರ ಭೇಟಿ, ದಿನಸಿ ಖರೀದಿ, ಎಲ್ಲಕ್ಕೂ ಸೇತುವೆ ದಾಟಲೇಬೇಕು. ಸಂಜೆ ಪ್ರವಾಸಿಗರು ಹಿಂದಿರುಗಿದರೆ ಬೀದಿಗಳಲ್ಲಿ ಉಳಿಯುವುದು ಬೆರಳೆಣಿಕೆಯ ಮಂದಿ ಮತ್ತು ಬೆಕ್ಕುಗಳು. 2020ರ ಮಾರ್ಚ್‌ನಲ್ಲಿ ಕೊರೊನಾ ಸೋಂಕಿನಿಂದಾಗಿ ಇಡೀ ಇಟಲಿ ಸ್ತಬ್ಧಗೊಂಡಾಗ, ಒಂದೇ ಆದಾಯವನ್ನು ನೆಚ್ಚಿಕೊಂಡ ಊರಿನ ಸ್ಥಿತಿ ಎಷ್ಟು ದುರ್ಬಲ ಎಂಬುದೂ ಬಯಲಾಯಿತು.

ಇದು ಚಿವಿತಾ ಒಂದರದೇ ಸಮಸ್ಯೆಯಲ್ಲ. ಇಟಲಿಯ ಪುರಸಭೆಗಳಲ್ಲಿ ಹೆಚ್ಚಿನವು ಐದು ಸಾವಿರಕ್ಕಿಂತ ಕಡಿಮೆ ಜನಸಂಖ್ಯೆಯವು. ಇಂಥ ಊರುಗಳ ನೆರವಿಗಾಗಿ 2017ರಲ್ಲಿ ಪ್ರತ್ಯೇಕ ಕಾನೂನೇ ಬಂದಿದೆ. ಪಾಳುಮನೆಗಳನ್ನು ಒಂದು ಯೂರೊಗೆ ಮಾರುವ ಪ್ರಯೋಗವನ್ನೂ ಸಿಸಿಲಿ ದ್ವೀಪವೂ ಸೇರಿದಂತೆ ಹಲವೆಡೆ ಮಾಡಲಾಗಿದೆ. ಆದರೆ ಮನೆ ಕೊಳ್ಳುವವರು ರಜೆಗೆ ಬರುತ್ತಾರೆ. ಅವರ ಮಕ್ಕಳು ಆ ಊರಿನ ಶಾಲೆಗೆ ಸೇರುವುದು ಅಪರೂಪ.

ಹಾಗಿದ್ದೂ ಚಿವಿತಾದ ನಂಟು ಪೂರ್ತಿ ಕಡಿದಿಲ್ಲ. ವರ್ಷಕ್ಕೆರಡು ಬಾರಿ, ಜೂನ್ ಹಾಗೂ ಸೆಪ್ಟೆಂಬರ್‌ನಲ್ಲಿ, ಚರ್ಚಿನ ಮುಂದಿನ ಚೌಕದಲ್ಲಿ ಕತ್ತೆಗಳ ಓಟದ ಸ್ಪರ್ಧೆ ಏರ್ಪಡುತ್ತದೆ. ಗುಡ್‌ಫ್ರೈಡೇ ದಿನ ಸಾನ್ ದೊನಾತೊ ಚರ್ಚಿನ ಮರದ ಶಿಲುಬೆಮೂರ್ತಿಯನ್ನು ಮೆರವಣಿಗೆಗಾಗಿ ಬಾನ್ಯೊರೆಜೊಗೆ ಒಯ್ಯುತ್ತಾರೆ. ನಡುರಾತ್ರಿಯೊಳಗೆ ಮೂರ್ತಿ ಹಿಂದಿರುಗದಿದ್ದರೆ ಅದು ಬಾನ್ಯೊರೆಜೊದ ಪಾಲಾಗುತ್ತದೆಂಬ ನಂಬಿಕೆಯಿದೆ. ಆದ್ದರಿಂದ ಪ್ರತಿ ವರ್ಷವೂ ಅದನ್ನು ಹೊತ್ತವರು ಹೊತ್ತು ಮೀರುವ ಮೊದಲೇ ಸೇತುವೆ ಏರಿ ಚಿವಿತಾಕ್ಕೆ ಮರಳುತ್ತಾರೆ. ಮೂರ್ತಿ ತಪ್ಪದೆ ಹಿಂದಿರುಗುತ್ತಿದೆ. ಊರು ಬಿಟ್ಟವರ ಮಕ್ಕಳು ಹಾಗೆ ಹಿಂದಿರುಗುವಂತೆ ಮಾಡುವ ಉಪಾಯ ಮಾತ್ರ ಯಾವ ಟಿಕೆಟ್ಟಿನಿಂದಲೂ ಇನ್ನೂ ದೊರೆತಿಲ್ಲ.