ಪದಗಳ ಒಡನಾಟ

ಇಂಗ್ಲಿಷು ಬಲ್ಲೆವೆಂದು ನಂಬಿರುವ ನಮ್ಮಲ್ಲಿ ಅನೇಕರಿಗೆ ಒಂದು ವಿಚಿತ್ರವಾದ ಅನುಭವವಾಗಿರಬಹುದು. ನಾವು ಬರೆದ ವಾಕ್ಯದಲ್ಲಿ ವ್ಯಾಕರಣದೋಷವಿಲ್ಲ. ಒಂದೊಂದು ಪದದ ಅರ್ಥವೂ ನಿಘಂಟಿನ ಪ್ರಕಾರ ಸರಿಯಾಗಿಯೇ ಇದೆ. ಆದರೂ ಓದಿದವರು, "ಇಂಗ್ಲಿಷಿನಲ್ಲಿ ಹೀಗೆ ಹೇಳುವುದಿಲ್ಲ" ಎಂದುಬಿಡುತ್ತಾರೆ. ಏಕೆ ಹೇಳುವುದಿಲ್ಲವೆಂದು ಕೇಳಿದರೆ, "ಹೇಳುವುದಿಲ್ಲ, ಅಷ್ಟೆ" ಎಂಬುದಕ್ಕಿಂತ ಹೆಚ್ಚಿನ ಉತ್ತರ ದೊರೆಯುವುದು ಅಪೂರ್ವ. ಆ ಉತ್ತರವನ್ನು ಕೊಂಚ ಹುಡುಕಿ ನೋಡುವುದೇ ಇಂದಿನ ಭಾಷಣದ ಉದ್ದೇಶ.

ಮೊದಲು ನಮ್ಮದೇ ಒಂದು ತಪ್ಪನ್ನು ಶ್ರೋತೃಗಳಲ್ಲಿ ಅರಿಕೆಮಾಡಿಕೊಳ್ಳುತ್ತೇವೆ. ನಾವು ಅಧ್ಯಾಪಕ ವೃತ್ತಿಗೆ ಸೇರಿದ ಹೊಸತು. ನಮ್ಮ ತರಗತಿಯಲ್ಲಿ ಗಂಗಾವತಿಯ ಸಮೀಪದ ಶ್ರೀರಾಮನಗರದಿಂದ ಬಂದ ಒಬ್ಬ ವಿದ್ಯಾರ್ಥಿಯಿದ್ದನು. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಪೂರ್ಣವಾಗಿ, ಎಡದಂಡೆಯ ಕಾಲುವೆಯಲ್ಲಿ ನೀರು ಹರಿದ ಮೇಲೆ, ಆಂಧ್ರದ ಕಡೆಯಿಂದ ಬಂದ ರೈತರು ಆ ಸೀಮೆಯಲ್ಲಿ ನೆಲೆಸಿ ಬತ್ತದ ಬೇಸಾಯವನ್ನು ಬೆಳೆಸಿದರು. ಅವರು ನಿಂತ ಊರುಗಳನ್ನು ಜನರು ಇಂದಿಗೂ 'ಕ್ಯಾಂಪು' ಎಂದೇ ಕರೆಯುತ್ತಾರೆ. ಆ ಹುಡುಗನ ಮನೆಮಾತು ತೆಲುಗು, ಶಾಲೆಯ ಮಾತು ಕನ್ನಡ. ಕಾಲೇಜಿನಲ್ಲಿ ಎದುರಾದುದು ಇಂಗ್ಲಿಷು. ತಂದೆಯ ಕಸುಬನ್ನು ಕುರಿತು ಒಂದು ಪ್ರಬಂಧವನ್ನು ಬರೆಯಹೇಳಿದಾಗ ಅವನು, 'ಮೈ ಫಾದರ್ ಬೀಟ್ಸ್ ಮೆಡಿಸಿನ್ ಟು ದಿ ಪ್ಯಾಡಿ' ಎಂದು ಬರೆದನು. ನಾವು ಅದನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿದೆವು. ಹುಡುಗರೆಲ್ಲ ನಕ್ಕರು, ನಾವೂ ನಕ್ಕೆವು. ಆ ವರ್ಷವು ಮುಗಿಯುವವರೆಗೆ ಅವನು ತರಗತಿಯಲ್ಲಿ ಇಂಗ್ಲಿಷಿನ ಒಂದು ಮಾತನ್ನೂ ಆಡಲಿಲ್ಲ.

ಅವನು ಮಾಡಿದ ತಪ್ಪಾದರೂ ಏನು? ಬತ್ತಕ್ಕೆ ಔಷಧ ಹೊಡೆಯುತ್ತೇವೆಂಬುದು ಶುದ್ಧವಾದ ಕನ್ನಡ. 'ಹೊಡೆ' ಎಂಬ ಪದಕ್ಕೆ ನಮ್ಮಲ್ಲಿ ಎಷ್ಟು ಮಂದಿ ಒಡನಾಡಿಗಳು! ಗಂಟೆ ಹೊಡೆಯುತ್ತೇವೆ, ಗೋಡೆಗೆ ಬಣ್ಣ ಹೊಡೆಯುತ್ತೇವೆ, ಗಾಡಿ ಹೊಡೆಯುತ್ತೇವೆ, ಹೊಲದಲ್ಲಿ ಕುಂಟೆ ಹೊಡೆಯುತ್ತೇವೆ, ಕಟ್ಟೆಯ ಮೇಲೆ ಕುಳಿತು ಹರಟೆ ಹೊಡೆಯುತ್ತೇವೆ. ಇವುಗಳಲ್ಲಿ ಗಂಟೆಯೊಂದನ್ನು ಬಿಟ್ಟರೆ ಮತ್ತಾವುದಕ್ಕೂ ನಿಜವಾದ ಪೆಟ್ಟು ಬೀಳುವುದಿಲ್ಲ. ತೆಲುಗಿನಲ್ಲಿಯೂ ಪೈರಿಗೆ 'ಮಂದು ಕೊಟ್ಟು' ಎನ್ನುತ್ತಾರೆ. ಅಲ್ಲಿನ 'ಕೊಟ್ಟು' ಎಂಬುದು ನಮ್ಮ 'ಹೊಡೆ'ಯೇ. ಹೀಗಿರಲಾಗಿ, ಆ ಹುಡುಗನು ಮನೆಯಿಂದ ಶಾಲೆಗೆ, ಎಂದರೆ ತೆಲುಗಿನಿಂದ ಕನ್ನಡಕ್ಕೆ, ದಾಟಿದಾಗ ಈ ಮಾತು ಅವನ ಕೈಹಿಡಿದು ನಡಸಿತು. ಶತಮಾನಗಳಿಂದ ನೆರೆಹೊರೆಯಾಗಿ ಬಾಳಿದ ಭಾಷೆಗಳು ಪದಗಳನ್ನು ಮಾತ್ರವಲ್ಲದೆ ಪದಗಳ ಸ್ನೇಹವನ್ನೂ ಹಂಚಿಕೊಂಡಿರುತ್ತವೆ. ದೂರದ ಇಂಗ್ಲಿಷಿಗೆ ದಾಟುವಾಗ ಮಾತ್ರ ಅದೇ ಕೈ ಅವನನ್ನು ಬೀಳಿಸಿತು. ಅಲ್ಲಿ ಪೈರಿಗೆ ಸಲ್ಲುವ ಕ್ರಿಯಾಪದವು 'ಸ್ಪ್ರೇ'. ಮತ್ತು 'ಮೆಡಿಸಿನ್' ಎಂಬುದು ಮನುಷ್ಯರ ಮತ್ತು ಪ್ರಾಣಿಗಳ ರೋಗಕ್ಕೆ ಸಲ್ಲುವ ಮಾತು. ಪೈರಿನ ಕೀಟಕ್ಕೆ ಅದು ಒಗ್ಗದು.

ಇದರಿಂದ ಒಂದು ತತ್ತ್ವವು ಸ್ಪಷ್ಟವಾಗುತ್ತದೆ. ಪದಗಳು ಒಂಟಿಯಾಗಿ ಬಾಳುವುದಿಲ್ಲ. ಒಂದೊಂದು ಪದಕ್ಕೂ ರೂಢಿಯಿಂದ ಬಂದ ಒಡನಾಡಿಗಳಿವೆ, ಮತ್ತು ಒಂದು ಭಾಷೆಯ ಒಡನಾಟವು ಇನ್ನೊಂದು ಭಾಷೆಯಲ್ಲಿ ಹಾಗೆಯೇ ಇರಬೇಕೆಂಬ ನಿಯಮವಿಲ್ಲ.

ಕೆಲವು ನಿದರ್ಶನಗಳನ್ನು ನೋಡೋಣ. ನಾವು ತಪ್ಪನ್ನೂ ಮಾಡುತ್ತೇವೆ, ಉಪಕಾರವನ್ನೂ ಮಾಡುತ್ತೇವೆ, ಸ್ನಾನವನ್ನೂ ಮಾಡುತ್ತೇವೆ; ಕೆಟ್ಟ ಗಳಿಗೆಯಲ್ಲಿ ಅಪರಾಧವನ್ನೂ ಮಾಡುತ್ತೇವೆ. ಕನ್ನಡದ 'ಮಾಡು' ಎಂಬ ಒಂದೇ ಆಳು ಈ ನಾಲ್ಕು ಕೆಲಸಗಳಿಗೂ ಸಾಕು. ಇಂಗ್ಲಿಷಿನಲ್ಲಾದರೋ ತಪ್ಪಿಗೆ 'ಮೇಕ್', ಉಪಕಾರಕ್ಕೆ 'ಡು', ಸ್ನಾನಕ್ಕೆ 'ಟೇಕ್' ಅಥವಾ 'ಹ್ಯಾವ್', ಅಪರಾಧಕ್ಕೆ 'ಕಮಿಟ್' ಎಂದು ಬೇರೆ ಬೇರೆ ಆಳುಗಳಿದ್ದಾರೆ. ಅಲ್ಲಿ ಒಬ್ಬನ ಕೆಲಸವನ್ನು ಇನ್ನೊಬ್ಬನಿಗೆ ಹೇಳಿದರೆ ನಡೆಯದು.

ವಿಶೇಷಣಗಳ ಪಾಡೂ ಇದೇ. ಜೋರು ಮಳೆ, ಜೋರು ಗಾಳಿ, ಜೋರು ಜ್ವರ, ಜೋರು ನಿದ್ದೆ ಎಂದು ನಾವು ಒಂದೇ ಮಾತಿನಲ್ಲಿ ಮುಗಿಸುತ್ತೇವೆ. ಇಂಗ್ಲಿಷಿನಲ್ಲಿ ಮಳೆಯು 'ಹೆವಿ', ಗಾಳಿಯು 'ಸ್ಟ್ರಾಂಗ್', ಜ್ವರವು 'ಹೈ', ನಿದ್ದೆಯು 'ಡೀಪ್'. ಮಳೆಗೆ ಭಾರವೂ ಜ್ವರಕ್ಕೆ ಎತ್ತರವೂ ಏಕೆ ಬಂದುವೆಂದು ತರ್ಕಿಸಿ ಪ್ರಯೋಜನವಿಲ್ಲ. ನಾವು ಸುಳ್ಳನ್ನು 'ಹಸಿ ಸುಳ್ಳು' ಎನ್ನುತ್ತೇವೆ. ಆದರೆ ನಿಜವನ್ನು 'ಒಣ ನಿಜ' ಎಂದವರುಂಟೆ? ನೆಗಡಿಯ ವಿಷಯವಂತೂ ತಮಾಷೆಯಾಗಿದೆ. ಕನ್ನಡದಲ್ಲಿ ನೆಗಡಿಯು ಮನುಷ್ಯನನ್ನು ಹಿಡಿಯುತ್ತದೆ; ಇಂಗ್ಲಿಷಿನಲ್ಲಿ ಮನುಷ್ಯನೇ ಹೋಗಿ ನೆಗಡಿಯನ್ನು ಹಿಡಿಯುತ್ತಾನೆ!

ಕನ್ನಡದ ಒಂದು ಪದಕ್ಕೆ ಇಂಗ್ಲಿಷಿನ ಹಲವು ಪದಗಳು ಬೇಕಾಗುವಂತೆ, ಅಲ್ಲಿನ ಒಂದು ಪದಕ್ಕೆ ಇಲ್ಲಿ ಹಲವು ಬೇಕಾಗುವುದೂ ಉಂಟು. 'ಕೀಪ್' ಎಂಬುದನ್ನು ತೆಗೆದುಕೊಳ್ಳಿ. 'ಕೀಪ್ ಎ ಪ್ರಾಮಿಸ್' ಎಂದರೆ ಮಾತು ಉಳಿಸಿಕೊಳ್ಳುವುದು. 'ಕೀಪ್ ಎ ಸೀಕ್ರೆಟ್' ಎಂದರೆ ಗುಟ್ಟು ಕಾಪಾಡುವುದು. 'ಕೀಪ್ ಎ ಡೈರಿ' ಎಂದರೆ ದಿನಚರಿ ಬರೆಯುವುದು. 'ಕೀಪ್' ಎಂದರೆ 'ಇಡು' ಎಂದು ಬಾಯಿಪಾಠ ಮಾಡಿದವನಿಗೆ ಈ ಮೂರರಲ್ಲಿ ಒಂದೂ ದಕ್ಕದು.

ಈ ಒಡನಾಟವನ್ನು ಶಾಸ್ತ್ರೀಯವಾಗಿ ಪರಿಶೀಲಿಸುವ ಅಗತ್ಯವನ್ನು ಚೆನ್ನಾಗಿ ಮನಗಂಡವರು ಪರದೇಶಗಳಲ್ಲಿ ಇಂಗ್ಲಿಷನ್ನು ಕಲಿಸುತ್ತಿದ್ದ ಅಧ್ಯಾಪಕರು. 1922ರಲ್ಲಿ ಜಪಾನಿಗೆ ಹೋದ ಹೆರಾಲ್ಡ್ ಪಾಮರ್ ಎಂಬವರು, ಅಲ್ಲಿನ ವಿದ್ಯಾರ್ಥಿಗಳು ವ್ಯಾಕರಣವನ್ನು ಬಲ್ಲವರಾಗಿಯೂ ವಾಕ್ಯದಲ್ಲಿ ಎಡವುತ್ತಿದ್ದುದನ್ನು ಕಂಡು, ಜೊತೆಜೊತೆಯಾಗಿ ಬರುವ ಪದಸಮೂಹಗಳನ್ನು ಸಂಗ್ರಹಿಸಿ ವರ್ಗೀಕರಿಸಿದ ವರದಿಯೊಂದನ್ನು 1933ರಲ್ಲಿ ಟೋಕಿಯೋ ನಗರದಲ್ಲಿ ಪ್ರಕಟಿಸಿದರು. ಅವರೊಡನೆ ದುಡಿದ ಹಾರ್ನ್‌ಬಿ ಎಂಬವರು ಮುಂದೆ ಇಬ್ಬರು ಸಹಕಾರಿಗಳೊಡನೆ ರಚಿಸಿದ ನಿಘಂಟು ಜಪಾನಿನಲ್ಲಿ 1942ರಲ್ಲಿ ಅಚ್ಚಾಯಿತು; 1948ರಲ್ಲಿ ಆಕ್ಸ್‌ಫರ್ಡಿನ ಮುದ್ರಣಾಲಯವು ಅದನ್ನು ಹೊರತಂದಿತು. ಇಂದು ನಮ್ಮ ವಿದ್ಯಾರ್ಥಿಗಳ ಕೈಯಲ್ಲಿರುವ ಆಕ್ಸ್‌ಫರ್ಡಿನ ದೊಡ್ಡ ಕಲಿಕೆಯ ನಿಘಂಟು ಅದರ ಸಂತತಿಯೇ. 1920ರ ದಶಕದಲ್ಲಿ ಲಾಹೋರಿನಲ್ಲಿ ಇಂಗ್ಲಿಷಿನ ಪ್ರಾಧ್ಯಾಪಕರಾಗಿದ್ದ ಫರ್ತ್ ಎಂಬವರು, 1950ರ ದಶಕದಲ್ಲಿ ಇದನ್ನು ಒಂದು ಸಿದ್ಧಾಂತದ ಮಟ್ಟಕ್ಕೇರಿಸಿ, ಪದದ ಅರ್ಥದ ಒಂದು ಭಾಗವು ಅದರ ಸಂಗಾತಿಗಳಲ್ಲಿಯೇ ಇದೆಯೆಂದು ಪ್ರತಿಪಾದಿಸಿದರು. ಹುಟ್ಟಿನಿಂದ ಆ ನುಡಿಯನ್ನಾಡುವವನಿಗೆ ತನ್ನ ಪದಗಳ ಸ್ನೇಹವು ಕಣ್ಣಿಗೆ ಬೀಳುವುದು ಕಷ್ಟ. ಹೊರಗಿನಿಂದ ಬಂದವನು ಎಡವಿದಾಗಲೇ ಅಲ್ಲೊಂದು ಹೊಸ್ತಿಲಿದೆಯೆಂದು ತಿಳಿಯುವುದು.

ಪದಗಳ ಸಂಖ್ಯೆಯನ್ನು ಕಡಮೆ ಮಾಡಿದರೆ ಈ ತೊಂದರೆ ತೀರದೇ ಎಂದು ಕೆಲವರು ಕೇಳಬಹುದು. ಆ ಪ್ರಯತ್ನವೂ ನಡೆದಿದೆ. 1930ರಲ್ಲಿ ಆಗ್ಡೆನ್ ಎಂಬ ವಿದ್ವಾಂಸರು ಕೇವಲ 850 ಪದಗಳ ಒಂದು 'ಬೇಸಿಕ್' ಇಂಗ್ಲಿಷನ್ನು ಲೋಕದ ಮುಂದಿಟ್ಟರು. ಅದರಲ್ಲಿ ಕ್ರಿಯಾಪದಗಳು ಹದಿನೆಂಟೇ. ಆದರೆ ಕೆಲಸಗಾರರು ಕಡಮೆಯಾದಷ್ಟೂ ಒಬ್ಬೊಬ್ಬನ ಹೊರೆ ಹೆಚ್ಚುವುದಷ್ಟೆ? 'ಪುಟ್' ಎಂಬುದೊಂದೇ, 'ಆಫ್' ಜೊತೆಗೂಡಿ ಮುಂದೂಡುವುದಾಗುತ್ತದೆ. 'ಔಟ್' ಜೊತೆಗೂಡಿ ದೀಪ ಆರಿಸುವುದಾಗುತ್ತದೆ. 'ಅಪ್ ವಿತ್' ಜೊತೆಗೂಡಿ ಸಹಿಸಿಕೊಳ್ಳುವುದಾಗುತ್ತದೆ. ಇಂಗ್ಲಿಷಿನಲ್ಲಿ ಅತಿ ಕಷ್ಟವಾದ ಪದಗಳು ಉದ್ದವಾದವುಗಳಲ್ಲ. ಮೊದಲನೆಯ ಪಾಠದಲ್ಲಿಯೇ ಕಲಿತು ಮರೆತುಬಿಡುವ ಈ ಚಿಕ್ಕ ಪದಗಳೇ.

ಇಷ್ಟಾಗಿ, ಈ ವಿಚಾರವು ಕನ್ನಡಿಗರಿಗೆ ಹೊಸದಲ್ಲ. ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ'ವು ಸಂಸ್ಕೃತ ಮತ್ತು ಕನ್ನಡ ಪದಗಳನ್ನು ಹದವರಿಯದೆ ಬೆಸೆಯುವುದನ್ನು, ಕುದಿಯುವ ಹಾಲಿಗೆ ಮಜ್ಜಿಗೆಯ ಹನಿ ಬಿದ್ದುದಕ್ಕೆ ಹೋಲಿಸಿ ನಿಂದಿಸಿದೆ. ಹದಿಮೂರನೆಯ ಶತಮಾನದ ಕೇಶಿರಾಜನು ತನ್ನ 'ಶಬ್ದಮಣಿದರ್ಪಣ'ದಲ್ಲಿ ಇಂತಹ ಬೆಸುಗೆಯನ್ನು ಅರಿಸಮಾಸವೆಂದು ಕರೆದು ನಿಷೇಧಿಸಿ, ಬಿರುದುಗಳಲ್ಲಿಯೂ ಪೂರ್ವಕವಿಗಳ ಪ್ರಯೋಗದಲ್ಲಿಯೂ ಬಂದುದಕ್ಕೆ ಮಾತ್ರ ಮನ್ನಣೆಯಿತ್ತನು. ಹಾಲ್ಗಡಲು ಸರಿ, ಕ್ಷೀರಸಾಗರವೂ ಸರಿ. 'ಹಾಲ್ಸಾಗರ'ವೆಂದರೆ ಕಿವಿಗೆ ಇರಿಯುತ್ತದೆ. ನಮ್ಮ ಲಾಕ್ಷಣಿಕರು ಹೇಳಿದುದು ಸಮಾಸದ ಮಾತು, ನಾವೀಗ ಹೇಳುತ್ತಿರುವುದು ವಾಕ್ಯದ ಮಾತು, ನಿಜ. ಆದರೆ ಪದಗಳು ಸಂಗಾತಿಯನ್ನು ನೋಡಿ ಸೇರುತ್ತವೆಯೆಂಬುದೂ, ಕೊನೆಯ ತೀರ್ಪು ರೂಢಿಯದೆಂಬುದೂ ಎರಡು ಕಡೆಗೂ ಸಮಾನ. ಇಂಗ್ಲಿಷಿನಲ್ಲಿಯೂ 'ಕಿಂಗ್ಲಿ' ಎಂಬುದು ಅಚ್ಚ ದೇಶ್ಯ, 'ರಾಯಲ್' ಎಂಬುದು ಫ್ರೆಂಚಿನಿಂದ ಬಂದುದು. ಅರ್ಥವು ಹೆಚ್ಚುಕಡಮೆ ಒಂದೇ ಆದರೂ ಅವರ ಅಂಚೆಯು 'ರಾಯಲ್ ಮೇಲ್' ಆದೀತೇ ಹೊರತು 'ಕಿಂಗ್ಲಿ ಮೇಲ್' ಆಗದು.

ಇನ್ನೊಂದು ಮಾತು. 'ಕವಿರಾಜಮಾರ್ಗ'ವು ಕನ್ನಡದ ತಿರುಳು ಎಂದು ಎಣಿಸಿದ ಪ್ರದೇಶದ ಎಲ್ಲೆಗಳಲ್ಲಿ ಕೊಪಣನಗರವೂ ಒಂದು. ಇಂದು ಶ್ರೀರಾಮನಗರವು ಯಾವ ಜಿಲ್ಲೆಗೆ ಸೇರಿದೆಯೋ ಆ ಜಿಲ್ಲೆಯ ಮುಖ್ಯ ಪಟ್ಟಣವಾದ ಕೊಪ್ಪಳವೇ ಆ ಕೊಪಣ. ಪದಗಳ ಹೊಂದಿಕೆಯನ್ನು ಸಾವಿರ ವರ್ಷಗಳ ಹಿಂದೆಯೇ ಚಿಂತಿಸಿದ ಗ್ರಂಥವು ಕೊಂಡಾಡಿದ ಸೀಮೆಯ ಹುಡುಗನನ್ನು, ಪದಗಳ ಹೊಂದಿಕೆ ತಿಳಿಯದವನೆಂದು ನಾವು ನಕ್ಕೆವಲ್ಲ! ಆ ಸೀಮೆಯ ಜನರು ಈ ವಿದ್ಯೆಯಲ್ಲಿ ಹಿಂದುಳಿದವರಲ್ಲವೆಂಬುದಕ್ಕೆ 'ಖಡಕ್' ಎಂಬ ಪದವೊಂದೇ ಸಾಕ್ಷಿ. ಹೊರಗಿನಿಂದ ಬಂದ ಈ ಪದಕ್ಕೆ ಅವರು ಖಡಕ್ ರೊಟ್ಟಿ, ಖಡಕ್ ಚಹಾ, ಖಡಕ್ ಅಧಿಕಾರಿ ಎಂದು ಹೊಸ ಸ್ನೇಹಿತರನ್ನು ಕೊಟ್ಟಿದ್ದಾರೆ. ಇಂಗ್ಲಿಷಿನಲ್ಲಿ ರೊಟ್ಟಿಗೆ 'ಕ್ರಿಸ್ಪ್', ಚಹಕ್ಕೆ 'ಸ್ಟ್ರಾಂಗ್', ಅಧಿಕಾರಿಗೆ 'ಸ್ಟ್ರಿಕ್ಟ್' ಎಂದು ಮೂರು ಪದಗಳನ್ನು ಹುಡುಕಬೇಕು.

ಹಾಗಾದರೆ ಕಲಿಯುವವರು ಮಾಡಬೇಕಾದುದೇನು? ನಮ್ಮ ಅನುಭವದಲ್ಲಿ ಮೂರು ಉಪಾಯಗಳು ಫಲಕಾರಿಯಾಗಿವೆ. ಮೊದಲನೆಯದಾಗಿ, ಹೊಸ ಪದವನ್ನು ಒಂಟಿಯಾಗಿ ಬರೆದುಕೊಳ್ಳಕೂಡದು. ಅದು ಬಂದ ಇಡೀ ನುಡಿಗಟ್ಟನ್ನು ಬರೆದುಕೊಳ್ಳಬೇಕು. 'ಅಟೆನ್ಷನ್' ಎಂದರೆ ಗಮನ ಎಂದಷ್ಟೇ ಬರೆದರೆ ಸಾಲದು. 'ಪೇ ಅಟೆನ್ಷನ್' ಎಂದು ಬರೆದರೆ, ಇಂಗ್ಲಿಷರು ಗಮನವನ್ನು ಹಣದಂತೆ ಸಲ್ಲಿಸುತ್ತಾರೆಂಬುದು ನೆನಪಿನಲ್ಲಿ ನಿಲ್ಲುತ್ತದೆ. ಎರಡನೆಯದಾಗಿ, ವಾಕ್ಯವನ್ನು ಕಟ್ಟುವಾಗ ಮೊದಲು ನಾಮಪದವನ್ನು ಹಿಡಿದು, ಅದಕ್ಕೆ ಸಲ್ಲುವ ಕ್ರಿಯಾಪದ ಯಾವುದೆಂದು ನಿಘಂಟಿನ ಉದಾಹರಣೆಗಳಲ್ಲಿ ನೋಡಬೇಕು. ಕನ್ನಡದ ಕ್ರಿಯಾಪದವನ್ನು ಭಾಷಾಂತರಿಸುವುದೇ ಮುಕ್ಕಾಲು ಪಾಲು ತಪ್ಪುಗಳಿಗೆ ಮೂಲ. ಮೂರನೆಯದಾಗಿ, ಒಳ್ಳೆಯ ಗದ್ಯವನ್ನು ದಿನವೂ ಕೊಂಚ ಗಟ್ಟಿಯಾಗಿ ಓದಬೇಕು. ಕಣ್ಣು ಪದವನ್ನು ಒಂದೊಂದಾಗಿ ಕಾಣುತ್ತದೆ. ಕಿವಿಯು ಗುಂಪಾಗಿ ಕೇಳುತ್ತದೆ.

ಇದೇ ಎಚ್ಚರವು ಹಿಂದಿರುಗಿ ಬರುವ ದಾರಿಯಲ್ಲಿಯೂ ಬೇಕು. ಹೊಲದಲ್ಲಿ ದುಡಿಯುವವನ ಮಗನು ಕನ್ನಡದ ಒಡನಾಟವನ್ನು ಇಂಗ್ಲಿಷಿಗೆ ಕೊಂಡೊಯ್ದರೆ ನಾವು ನಗುತ್ತೇವೆ. ಆದರೆ ವಿದ್ಯಾವಂತರಾದ ನಾವೇ ಇಂಗ್ಲಿಷಿನ ಒಡನಾಟವನ್ನು ಕನ್ನಡಕ್ಕೆ ಹೊತ್ತುತಂದು, ವಿಷಯದ ಮೇಲೆ 'ಬೆಳಕು ಚೆಲ್ಲುತ್ತೇವೆ', ಸಭೆಗಳಲ್ಲಿ 'ನಿರ್ಣಯ ತೆಗೆದುಕೊಳ್ಳುತ್ತೇವೆ'. ಆಗ ನಗುವವರು ಯಾರೂ ಇಲ್ಲ. ಇಂತಹ ಮಾತುಗಳಲ್ಲಿ ಕೆಲವು ಖಡಕ್ ರೊಟ್ಟಿಯಂತೆ ನಮ್ಮವಾಗಿ ನಿಲ್ಲಬಹುದು. ನಾವು ಅವನ್ನು ಬಹಿಷ್ಕರಿಸಬೇಕೆನ್ನುವುದಿಲ್ಲ. ಎರಡು ತಪ್ಪುಗಳೂ ಒಂದೇ ಜಾತಿಯವೆಂಬುದನ್ನು ಮಾತ್ರ ಒಪ್ಪಬೇಕು.

ಆ ವಿದ್ಯಾರ್ಥಿಗೆ ನಾವು ಅಂದು ಹೇಳಬೇಕಾಗಿದ್ದುದು ಇಷ್ಟೆ: "ನಿನ್ನ ಮಾತು ಕನ್ನಡದಲ್ಲಿಯೂ ಸರಿ, ತೆಲುಗಿನಲ್ಲಿಯೂ ಸರಿ. ಇಂಗ್ಲಿಷಿನಲ್ಲಿ 'ಹೊಡೆ' ಎಂಬುದಕ್ಕೆ ಬತ್ತದ ಗದ್ದೆಯ ಸ್ನೇಹವಿಲ್ಲ. ಅಲ್ಲಿ 'ಹೀ ಸ್ಪ್ರೇಸ್ ದಿ ಕ್ರಾಪ್' ಎನ್ನಬೇಕು." ಅರ್ಧ ನಿಮಿಷದ ಕೆಲಸ. ಅದನ್ನು ಹೇಳುವಷ್ಟು ವಿದ್ಯೆ ಅಂದು ನಮ್ಮಲ್ಲಿರಲಿಲ್ಲ. ನಗುವಷ್ಟು ಮಾತ್ರ ಇತ್ತು. ಈಗ ನಮ್ಮ ತರಗತಿಯಲ್ಲಿ ಅಂತಹ ವಾಕ್ಯವೊಂದು ಬಂದರೆ, ಮೊದಲು ಅದರ ಹಿಂದಿರುವ ಕನ್ನಡವನ್ನು ಕಪ್ಪುಹಲಗೆಯ ಮೇಲೆ ಬರೆಯುತ್ತೇವೆ. ಅದರ ಕೆಳಗೆ ಇಂಗ್ಲಿಷನ್ನು ಬರೆಯುತ್ತೇವೆ. ಹುಡುಗರು ಎರಡನ್ನೂ ನೋಡುತ್ತಾರೆ. ವಾಕ್ಯವನ್ನು ಬರೆದವನು ಮರುದಿನವೂ ಬಾಯಿ ತೆರೆಯುತ್ತಾನೆ.