ಯಾತ್ರೆಯ ಟ್ರೇಲರಿನೊಳಗೆ ಕೀಟ ಬಾರದಂತೆ: ಕೊಲ್ಲದೆ ತಡೆಯುವ ಕ್ರಮ

ಕಾರಿನ ಹಿಂದೆ ಕಟ್ಟಿಕೊಂಡು ಹೋಗುವ ಚಿಕ್ಕ ಕ್ಯಾಂಪಿಂಗ್ ಟ್ರೇಲರಿನಲ್ಲಿ ಮಲಗುವ ಜಾಗ, ಒಂದು ಗ್ಯಾಸ್ ಒಲೆ, ನೀರಿನ ಟ್ಯಾಂಕು, ಸಾಮಾನಿನ ಕಪಾಟು ಇಷ್ಟೇ ಇರುತ್ತದೆ. ಶುದ್ಧ ಆಹಾರದ ನಿಯಮ ಪಾಲಿಸುವ ಕುಟುಂಬಕ್ಕೆ ಇದು ಅನುಕೂಲ. ಹೋಟೆಲಿಗೆ ಹೋಗಬೇಕಾಗಿಲ್ಲ, ಸೂರ್ಯಾಸ್ತಕ್ಕೆ ಮೊದಲೇ ಊಟ ಮುಗಿಸಬಹುದು. ಆದರೆ ಹುಂಚ, ಕಾರ್ಕಳ, ಮೂಡುಬಿದಿರೆ, ವೇಣೂರು ಮುಂತಾದ ಮಳೆ ಹೆಚ್ಚಿರುವ ಕ್ಷೇತ್ರಗಳ ಕಡೆ ಒಂದು ರಾತ್ರಿ ಗಾಡಿ ನಿಲ್ಲಿಸಿದರೆ ಸಾಕು, ಬೆಳಿಗ್ಗೆ ಬೆಲ್ಲದ ಡಬ್ಬಿಗೆ ಇರುವೆ ಸಾಲು ಹಿಡಿದಿರುತ್ತದೆ, ದೀಪದ ಕೆಳಗೆ ಹುಳುಗಳು ಬಿದ್ದಿರುತ್ತವೆ.

ಆಗ ಕೈ ಹೋಗುವುದು ಸ್ಪ್ರೇ ಡಬ್ಬಿಗೆ. ಅಡುಗೆ, ವ್ಯಾಪಾರಗಳಲ್ಲಿ ಆಗುವ ಆರಂಭೀ ಮತ್ತು ಉದ್ಯೋಗೀ ಹಿಂಸೆ ಗೃಹಸ್ಥನಿಗೆ ಪೂರ್ತಿ ತಪ್ಪದು. ಕೊಲ್ಲಬೇಕೆಂದೇ ಕೊಲ್ಲುವ ಸಂಕಲ್ಪೀ ಹಿಂಸೆಯನ್ನಾದರೂ ಅಣುವ್ರತಿ ಬಿಟ್ಟಿರುತ್ತಾನೆ. ತಿಳಿದು ತಿಳಿದು ಇರುವೆ ಸಾಲಿಗೆ ವಿಷ ಹೊಡೆದರೆ ಆ ವ್ರತ ಉಳಿಯುವುದಿಲ್ಲ. ಅಷ್ಟು ಚಿಕ್ಕ ಜಾಗದಲ್ಲಿ ಮಲಗುವವರ ಉಸಿರಿಗೂ, ಪಾತ್ರೆಗೂ ಆ ವಿಷ ಸೇರುತ್ತದೆ. ಆದ್ದರಿಂದ ಮಾಡಬೇಕಾದ ಕೆಲಸವೆಲ್ಲ ಕೀಟ ಒಳಗೆ ಬರುವ ಮೊದಲೇ ಇದೆ.

ಶಾಸ್ತ್ರದ ವಿಭಾಗವೇ ಇದಕ್ಕೆ ದಾರಿ ತೋರುತ್ತದೆ. ಇರುವೆ ತ್ರೀಂದ್ರಿಯ ಜೀವಿ: ಸ್ಪರ್ಶ, ರುಚಿ, ವಾಸನೆ. ನೊಣ, ಸೊಳ್ಳೆ, ಪತಂಗಗಳು ಚತುರಿಂದ್ರಿಯ: ಇವಕ್ಕೆ ಕಣ್ಣೂ ಉಂಟು. ಇರುವೆಗೆ ವಾಸನೆ ಸಿಗಬಾರದು, ಪತಂಗಕ್ಕೆ ಬೆಳಕು ಕಾಣಬಾರದು. ಅರ್ಧ ಕೆಲಸ ಇಷ್ಟರಲ್ಲೇ ಮುಗಿಯುತ್ತದೆ.

ಹೊರಡುವ ಮೊದಲು: ಸಂದು ಹುಡುಕುವುದು

ಹಗಲಿನಲ್ಲಿ ಟ್ರೇಲರಿನ ಬಾಗಿಲು, ಕಿಟಕಿ, ಪರದೆ ಮುಚ್ಚಿ ಒಳಗೆ ಕತ್ತಲೆ ಮಾಡಿ ಕುಳಿತುಕೊಳ್ಳಬೇಕು. ಎಲ್ಲಿಂದ ಬೆಳಕಿನ ಗೆರೆ ಬರುತ್ತದೆಯೋ ಅಲ್ಲಿಂದ ಕೀಟವೂ ಬರುತ್ತದೆ. ನೀರಿನ ಪೈಪು ಮತ್ತು ವೈರು ನೆಲದಿಂದ ಒಳಬರುವ ತೂತು, ಚಕ್ರದ ಮೇಲಿನ ಮೂಲೆ, ಬಾಗಿಲಿನ ಕೆಳಅಂಚು ಇವನ್ನು ಮುಖ್ಯವಾಗಿ ನೋಡಬೇಕು. ತೂತಿಗೆ ಸಿಲಿಕೋನ್ ಹಚ್ಚಬೇಕು, ಬಾಗಿಲಿಗೆ ಹೊಸ ರಬ್ಬರ್ ಪಟ್ಟಿ ಹಾಕಬೇಕು. ಮುಚ್ಚುವ ಮೊದಲು ಒಳಗೆ ಜೀವಿ ಇದೆಯೇ ಎಂದು ಟಾರ್ಚ್ ಹಿಡಿದು ನೋಡುವುದನ್ನು ಮರೆಯಬಾರದು.

ಕಿಟಕಿಗೆ ಸಣ್ಣ ಕಣ್ಣಿನ ಜಾಲರಿ ಬೇಕು. ಒಂದು ಇಂಚಿಗೆ 18 ಅಡ್ಡ 16 ಎಳೆಗಳ ಜಾಲರಿ ಸೊಳ್ಳೆಯನ್ನು ತಡೆಯುತ್ತದೆ.

ಒಂದು ಎಚ್ಚರಿಕೆ. ಅಡುಗೆ ಗ್ಯಾಸು ಗಾಳಿಗಿಂತ ಭಾರ. ಸೋರಿದರೆ ನೆಲಕ್ಕೆ ಇಳಿಯುತ್ತದೆ. ಅದು ಹೊರಹೋಗಲೆಂದೇ ಕೆಳಗೆ ಕಿಂಡಿ ಇಟ್ಟಿರುತ್ತಾರೆ. ಆ ಕಿಂಡಿಯನ್ನು ಎಂದೂ ಮುಚ್ಚಬಾರದು. ಜಾಲರಿ ಮಾತ್ರ ಹಾಕಿ, ಧೂಳು ಕಟ್ಟದಂತೆ ಆಗಾಗ ಶುಚಿ ಮಾಡಬೇಕು.

ಧಾನ್ಯ ಮತ್ತು ಹಿಟ್ಟು

ಎಷ್ಟೋ ಕೀಟಗಳು ದಾರಿಯಲ್ಲಿ ಹತ್ತುವುದಿಲ್ಲ, ಮನೆಯಿಂದಲೇ ಬರುತ್ತವೆ. ಅಂಗಡಿಯ ರಟ್ಟಿನ ಪೆಟ್ಟಿಗೆಯ ಮಡಿಕೆಯಲ್ಲಿ ಜಿರಳೆಯ ಮೊಟ್ಟೆ ಇರಬಹುದು. ಸಾಮಾನನ್ನು ಹೊರಗೇ ಬಿಚ್ಚಿ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಗೆ ತುಂಬಬೇಕು. ಅಕ್ಕಿ, ಬೇಳೆಯನ್ನು ಹಗಲು ಬೆಳಕಿನಲ್ಲಿ ಆರಿಸಿ, ಬೇಕಾದಷ್ಟನ್ನೇ ಒಯ್ಯಬೇಕು. ಹಿಟ್ಟಿಗೆ ಹಿರಿಯರು ಹೇಳಿದ ಮರ್ಯಾದೆ ಮಳೆಗಾಲದಲ್ಲಿ 3 ದಿನ, ಬೇಸಿಗೆಯಲ್ಲಿ 5, ಚಳಿಗಾಲದಲ್ಲಿ 7. ತೇವ ಹೆಚ್ಚಿದಂತೆ ಹಿಟ್ಟಿನಲ್ಲಿ ಜೀವೋತ್ಪತ್ತಿ ಬೇಗ ಎಂಬ ಲೆಕ್ಕ ಇದರಲ್ಲಿದೆ. ಬಿಸಿಲಿಗೆ ಕಾಯುವ ಟ್ರೇಲರಿನಲ್ಲಿ ಇದನ್ನು ಇನ್ನೂ ಬಿಗಿಯಾಗಿ ಪಾಲಿಸುವುದು ಒಳ್ಳೆಯದು.

ಗಾಡಿ ನಿಲ್ಲಿಸುವಾಗ

ಮುನಿಗಳ ಈರ್ಯಾಸಮಿತಿ ನೆಲ ನೋಡಿ ನಡೆಯುವುದು. ಗಾಡಿಗೂ ಅದೇ ಕ್ರಮ. ಒಬ್ಬರು ಇಳಿದು ಇರುವೆ ಗೂಡು, ಹುತ್ತ ಇಲ್ಲವೆಂದು ನೋಡಿದ ಮೇಲೆಯೇ ಚಕ್ರ ನಿಲ್ಲಬೇಕು. ಹಣ್ಣು ಉದುರುವ ಮರ, ನಿಂತ ನೀರು, ಬೀದಿ ದೀಪ ಇವುಗಳ ಪಕ್ಕ ಬೇಡ. ಕೊಂಬೆಯೊಂದು ಗಾಡಿಗೆ ತಾಗಿದ್ದರೆ ಅದೇ ಇರುವೆಗೆ ಸೇತುವೆ.

ಇರುವೆ ಹತ್ತುವುದು ನೆಲಕ್ಕೆ ತಾಗುವ ಕಡೆಗಳಿಂದ ಮಾತ್ರ: ಟೈರು, ಆಸರೆ ಕಾಲು, ಕರೆಂಟ್ ವೈರು, ನೀರಿನ ಪೈಪು. ಕಾಲುಗಳಿಗೆ ಒಣ ಟಾಲ್ಕಂ ಪೌಡರನ್ನು ಪಟ್ಟಿಯಂತೆ ಬಳಿದರೆ ಇರುವೆ ಜಾರಿ ಹಿಂದೆ ತಿರುಗುತ್ತದೆ. ಒದ್ದೆಯಾದರೆ ಮತ್ತೆ ಹಚ್ಚಬೇಕು. ನೀರಿನ ತಟ್ಟೆ ಇಟ್ಟರೆ ಇರುವೆ ಬಿದ್ದು ಸಾಯುವುದುಂಟು.

ಅಂಗಡಿಯಲ್ಲಿ ಸಿಗುವ ಇರುವೆ ಸೀಮೆಸುಣ್ಣ ಬರೆಯುವ ಸೀಮೆಸುಣ್ಣವಲ್ಲ, ವಿಷ. ಬೋರಿಕ್ ಪುಡಿಯೂ ಕೊಲ್ಲುತ್ತದೆ. 'ನೈಸರ್ಗಿಕ' ಎಂದು ಬರೆದ ಮಾತ್ರಕ್ಕೆ ಅಹಿಂಸೆಯಾಗುವುದಿಲ್ಲ. ಚೀಟಿ ಓದಿ ಕೊಳ್ಳಬೇಕು.

ಸಂಜೆಯಾದ ಮೇಲೆ

ರಾತ್ರಿಭೋಜನ ತ್ಯಾಗದ ಲಾಭ ಇಲ್ಲಿ ಕಣ್ಣಿಗೇ ಕಾಣುತ್ತದೆ. ಹೊತ್ತು ಮುಳುಗುವ ಮೊದಲೇ ಪಾತ್ರೆ ತೊಳೆದು, ನೆಲ ಒರೆಸಿ, ಕಸವನ್ನು ದೂರ ಇಟ್ಟರೆ ಇರುವೆಗೆ ವಾಸನೆ ಇಲ್ಲ. ದೀಪ ಹಚ್ಚುವ ಮೊದಲು ಜಾಲರಿ ಹಾಕಿ, ಬಾಗಿಲು ಮುಚ್ಚಬೇಕು. ಬಿಳಿ ದೀಪಕ್ಕಿಂತ ಮಂದ ಹಳದಿ ದೀಪಕ್ಕೆ ಹುಳು ಕಡಿಮೆ ಬರುತ್ತದೆ. ಮುಚ್ಚಿದ ಟ್ರೇಲರಿನಲ್ಲಿ ಸೊಳ್ಳೆ ಬತ್ತಿ ಹಚ್ಚಬಾರದು. ಹಾಸಿಗೆಗೆ ಸೊಳ್ಳೆಪರದೆ ಸಾಕು.

ಒಳಗೆ ಬಂದೇಬಿಟ್ಟರೆ

ಇರುವೆ ಸಾಲನ್ನು ಒರೆಸಬಾರದು. ಯಾವ ಡಬ್ಬಿಗೆ ಬಂದಿವೆಯೋ ಅದನ್ನು ಹೊರಗೆ ನೆರಳಿನಲ್ಲಿಟ್ಟರೆ ಸಾಲು ತಾನಾಗಿ ಕರಗುತ್ತದೆ. ಎಲ್ಲ ಹೋದ ಮೇಲೆ ಆ ದಾರಿಯನ್ನು ಸೋಪಿನ ನೀರಿನಿಂದ ಒರೆಸಬೇಕು. ಇರುವೆಗಳು ತಾವೇ ಬಿಟ್ಟ ವಾಸನೆ ಹಿಡಿದು ಮತ್ತೆ ಬರುತ್ತವೆ. ಪತಂಗ ಬಂದರೆ ಒಳದೀಪ ಆರಿಸಿ, ಹೊರಗೆ ಒಂದು ದೀಪವಿಟ್ಟು ಬಾಗಿಲು ತೆರೆದರೆ ಹೊರಟುಹೋಗುತ್ತದೆ. ಜೇಡ, ಜಿರಳೆಗೆ ಲೋಟ ಮುಚ್ಚಿ, ಅಡಿಯಲ್ಲಿ ರಟ್ಟು ತೂರಿಸಿ ಹೊರಗೆ ಬಿಡಬೇಕು. ಗುಡಿಸಲು ಮೆತ್ತನೆಯ ಪೊರಕೆಯೇ ಇರಲಿ.

ಮಳೆಗಾಲದಲ್ಲಿ ಜೀವಿಗಳು ಹೆಚ್ಚೆಂದೇ ಮುನಿಗಳು ಚಾತುರ್ಮಾಸದಲ್ಲಿ ವಿಹಾರ ನಿಲ್ಲಿಸುತ್ತಾರೆ. ಶ್ರಾವಕರೂ ಟ್ರೇಲರ್ ಯಾತ್ರೆಯನ್ನು ಆ ನಾಲ್ಕು ತಿಂಗಳು ಮುಂದಕ್ಕೆ ಹಾಕಿದರೆ ಇಲ್ಲಿ ಹೇಳಿದ ಎಷ್ಟೋ ಶ್ರಮ ತಾನಾಗಿ ಉಳಿಯುತ್ತದೆ. ಎಷ್ಟೋ ಜೀವಗಳೂ ಉಳಿಯುತ್ತವೆ.